ಕರೆಂಟು ಹೋದ ಮೇಲಿನ ಕಥೆ

ನನ್ನ ಫೋನಿನಲ್ಲಿರುವ ಸಿನಿಮಾ ಆ್ಯಪ್ ತೆರೆದರೆ ಅದು ಮೊದಲು ಒಂದು ಪ್ರಶ್ನೆ ಕೇಳುತ್ತದೆ: ಯಾರು ನೋಡುತ್ತಿದ್ದೀರಿ? ಕೆಳಗೆ ಎರಡು ಚೌಕಗಳಿವೆ. ಒಂದರಲ್ಲಿ ನನ್ನ ಹೆಸರು, ಇನ್ನೊಂದರಲ್ಲಿ ‘ದೊಡ್ಡವ್ವ’ ಎಂದಿದೆ. ದೊಡ್ಡವ್ವ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಆ ಚೌಕವನ್ನು ನಾನಿನ್ನೂ ತೆಗೆದುಹಾಕಿಲ್ಲ. ಮೊನ್ನೆ ಕೈತಪ್ಪಿ ಅದನ್ನು ಒತ್ತಿದೆ. ‘ದೊಡ್ಡವ್ವ, ನಿಮಗಾಗಿ’ ಎಂದು ಆರು ಸಿನಿಮಾಗಳ ಸಾಲು ಬಂತು. ನಾಲ್ಕು ಎರಡನೆಯ ಭಾಗಗಳು, ಒಂದು ಮೂರನೆಯ ಭಾಗ, ಒಂದು ಬೇರೆ ಭಾಷೆಯದನ್ನು ಮತ್ತೆ ತೆಗೆದದ್ದು. ಆಕೆ ಕೇಳಿದ್ದು ಮಾತ್ರ ಅದರಲ್ಲಿ ಇರಲಿಲ್ಲ. ಆಕೆ ಕೇಳಿದ್ದು ಒಂದು ಹಳೆಯ ಕಪ್ಪುಬಿಳುಪು ಸಿನಿಮಾದ ಕೊನೆಯ ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಏನಿತ್ತು ಎಂಬುದರ ಮೇಲೆ, ತಾನು ಒಬ್ಬಳ ಬಾಳು ಕೆಡಿಸಿದವಳು ಹೌದೋ ಅಲ್ಲವೋ ಎಂಬುದು ನಿಂತಿದೆ ಎಂದು ಆಕೆ ನಂಬಿದ್ದಳು.

ರಾಯಚೂರಿನ ಒಂದು ಲ್ಯಾಬಿನಲ್ಲಿ ರಕ್ತದ ಸ್ಲೈಡು ನೋಡುವುದು ನನ್ನ ಕೆಲಸ. ಕಂಡದ್ದನ್ನು ಬರೆಯುತ್ತೇನೆ, ಕಾಣದ್ದನ್ನು ಬರೆಯುವುದಿಲ್ಲ. ಇದನ್ನೂ ಹಾಗೇ ಬರೆಯಲು ನೋಡುತ್ತೇನೆ.

ಆಕೆ ನಮ್ಮ ಮೇಲಿನ ಮನೆಯವಳು. ಮಗಳು, ಅಳಿಯ, ಮೊಮ್ಮಗಳು, ಆಕೆ, ಒಟ್ಟು ನಾಲ್ವರು. ಅಳಿಯ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸದವನು. ಮಗಳು ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಟಿವಿಯ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೊಂದು ಪ್ಲಾಸ್ಟಿಕ್ ಹೂದಾನಿ ಇಟ್ಟಿದ್ದರು. ಸಂಜೆ ನಾನು ಮೇಲೆ ಹೋದರೆ ಮೂರು ಮೂಲೆಯಲ್ಲಿ ಮೂವರು ಮೂರು ಫೋನು ಹಿಡಿದು ಕೂತಿರುತ್ತಿದ್ದರು. ಅಳಿಯನಿಗೆ ರೀಚಾರ್ಜಿನ ಜೊತೆ ಬಂದ ಒಂದು ಆ್ಯಪ್, ಮೊಮ್ಮಗಳಿಗೆ ಗೆಳತಿಯ ಪಾಸ್‌ವರ್ಡಿನ ಇನ್ನೊಂದು, ಮಗಳಿಗೆ ಧಾರಾವಾಹಿಯ ಮತ್ತೊಂದು. ದೊಡ್ಡವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿರುತ್ತಿದ್ದಳು.

“ಬಾರವ್ವ. ಮೂರು ಟಾಕೀಸು ನಡದಾವ ನಮ್ಮನ್ಯಾಗ. ಗೇಟ್‌ಕೀಪರ್ ನಾನು,” ಎನ್ನುತ್ತಿದ್ದಳು.

ಆಕೆ ಏನನ್ನು ನೋಡುವಾಗಲೂ ಕೂರುತ್ತಿರಲಿಲ್ಲ. ಮೊಮ್ಮಗಳು ಸ್ಟೂಲು ತಂದು ಹಾಕಿದರೂ ಅದರ ಮೇಲೆ ಒಂದು ಕೈ ಇಟ್ಟು ನಿಲ್ಲುತ್ತಿದ್ದಳು. ಮಂಡಿನೋವಿಗೆ ಮಾತ್ರೆ ನುಂಗುವ ಹೆಂಗಸು ಹೀಗೆ ಎರಡು ತಾಸು ನಿಲ್ಲುವುದನ್ನು ಕಂಡು ನಾನು ಒಮ್ಮೆ ಕೇಳಿದೆ.

“ಕುಂತ್ರ ಕಥಿ ತಲಿಗೆ ಹತ್ತಂಗಿಲ್ಲ,” ಎಂದಳು.

ಅದರ ಅರ್ಥ ನನಗೆ ತಿಳಿದದ್ದು ಒಂದು ಭಾನುವಾರ ತಾರಸಿಯ ಮೇಲೆ. ಜೋಳ ಒಣಗಲು ಹರವಿದ್ದೆ. ಆಕೆ ಚಪ್ಪಲಿ ಬಿಟ್ಟು ಜೋಳದ ಮೇಲೆ ಕಾಲಿಟ್ಟಳು. ಕೈ ಹಿಂದೆ ಕಟ್ಟಿಕೊಂಡು, ಪಾದ ಎತ್ತದೆ, ಮೆಲ್ಲಗೆ ಎಳೆಯುತ್ತ ಒಂದು ಸಾಲು ಹಾಕಿದಳು. ತಿರುಗಿ ಇನ್ನೊಂದು ಸಾಲು. ಮೂರನೆಯ ಸಾಲಿಗೆ ಒಂದು ಸಿನಿಮಾ ಹೇಳಲು ಶುರುಮಾಡಿದ್ದಳು. ನಾನು ಹುಟ್ಟುವ ಮೊದಲು ಬಂದ ಸಿನಿಮಾ. ಯಾವ ಹಾಡಿಗೆ ನಾಯಕಿ ಯಾವ ಕೈಯಲ್ಲಿ ಕೊಡ ಹಿಡಿದಿದ್ದಳು ಎಂಬುದನ್ನೂ ಬಿಡಲಿಲ್ಲ. ದನಿ ಏರಿಸುತ್ತಿರಲಿಲ್ಲ. ಖಳನಾಯಕ ಬಂದಾಗ ಮಾತ್ರ ಸಾಲು ಸ್ವಲ್ಪ ಸೊಟ್ಟಾಗುತ್ತಿತ್ತು. ಕಥೆ ಮುಗಿಯುವ ಹೊತ್ತಿಗೆ ನನ್ನ ಜೋಳ ಆರು ಸಲ ತಿರುವಿ ಒಣಗಿತ್ತು.

ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಆಕೆ ಇಪ್ಪತ್ತೆರಡು ವರ್ಷ ದುಡಿದಿದ್ದಳು. ಕುದಿಸಿದ ಭತ್ತವನ್ನು, ಅವರ ಮಾತಿನಲ್ಲಿ ನೆಲ್ಲನ್ನು, ಸಿಮೆಂಟಿನ ಕಣದ ಮೇಲೆ ಹರವಿ, ಬರಿಗಾಲಿನಿಂದ ಸಾಲು ಎಳೆದು ತಿರುವಿ ಒಣಗಿಸುವ ಕೆಲಸ. ಒಟ್ಟು ಹದಿನಾಲ್ಕು ಹೆಂಗಸರು. ಆ ಹೆಂಗಸರದೊಂದು ಪದ್ಧತಿ ಇತ್ತು. ಊರಿನ ಟಾಕೀಸಿಗೆ ಸಿನಿಮಾ ಬಂದರೆ ಹದಿನಾಲ್ಕೂ ಜನ ಹೋಗುವಂತಿರಲಿಲ್ಲ. ಬಿಸಿಲು ಇರುವಾಗ ನೆಲ್ಲು ಬಿಟ್ಟು ಹೋಗುವುದು ಹೇಗೆ? ಅದಕ್ಕೆ ಎಲ್ಲರೂ ಕೂಡಿ ಒಬ್ಬಳನ್ನು ಮ್ಯಾಟಿನಿಗೆ ಕಳಿಸುತ್ತಿದ್ದರು. ಆಕೆಯ ಪಾಲಿನ ಸಾಲುಗಳನ್ನು ಉಳಿದ ಹದಿಮೂರು ಜನ ಎಳೆದು ಮುಗಿಸುತ್ತಿದ್ದರು. ಮರುದಿನ ಆಕೆ ಕಣದಲ್ಲಿ ಕಾಲಾಡಿಸುತ್ತ ಇಡೀ ಸಿನಿಮಾ ಹೇಳಬೇಕು.

ಮೊದಲು ಪಾಳಿಯ ಮೇಲೆ ಕಳಿಸುತ್ತಿದ್ದರಂತೆ. ಒಬ್ಬಳು ಹಾಡಷ್ಟೇ ನೆನಪಿಟ್ಟುಕೊಂಡು ಬಂದಳು. ಇನ್ನೊಬ್ಬಳು ಫ್ಯಾನಿನ ಕೆಳಗೆ ನಿದ್ದೆ ಹೊಡೆದು ಬಂದು, ಮಧ್ಯಂತರದಲ್ಲಿ ತಿಂದದ್ದನ್ನು ಹೇಳಿದಳು. ಆಮೇಲೆ ದೊಡ್ಡವ್ವನನ್ನೇ ಕಳಿಸತೊಡಗಿದರು. ಗಿರಣಿಯಲ್ಲಿ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಗುಂಜಹಳ್ಳಿಯಾಕಿ, ಬಾಗಲವಾಡದಾಕಿ ಎಂದು ಊರಿನ ಮೇಲೆ ಕರೆಯುವುದು. ಈಕೆ ಮಾತ್ರ ‘ಕಥಿಯಾಕಿ’. ಅವರದೊಂದು ಮಾತಿತ್ತು. ನೆಲ್ಲಿನಾಗ ಕಲ್ಲು ಬೆರಸಬಾರದು, ಕಥ್ಯಾಗ ಸುಳ್ಳು ಬೆರಸಬಾರದು.

“ಇಪ್ಪತ್ತೆರಡು ವರ್ಷದಾಗ ಒಂದ ಸಲ ಬೆರಸೀನಿ,” ಎಂದಳು ದೊಡ್ಡವ್ವ. ತಾರಸಿಯಲ್ಲಿ ಅವತ್ತು ಅಷ್ಟೇ ಹೇಳಿದಳು.

ಹೊಸ ಸಿನಿಮಾಗಳ ಬಗ್ಗೆ ಆಕೆಗೆ ಸಿಟ್ಟಿರಲಿಲ್ಲ, ದಣಿವಿತ್ತು. ಮೊಮ್ಮಗಳ ಭುಜದ ಮೇಲಿಂದ ಇಣುಕಿ ಹತ್ತು ನಿಮಿಷ ನೋಡುವಷ್ಟರಲ್ಲಿ, “ಇದು ಹಳೇದು. ಅಂಗಿ ಬದಲ ಮಾಡ್ಯಾರ,” ಎನ್ನುತ್ತಿದ್ದಳು. ಹತ್ತರಲ್ಲಿ ಎಂಟು ಸಲ ಆಕೆಯ ಮಾತು ನಿಜವಾಗಿರುತ್ತಿತ್ತು. ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿಗೆ, ಅಲ್ಲಿಂದ ಮತ್ತೆ ತೆಲುಗಿಗೆ ಹೋಗಿ, ಮೀಸೆ ಬದಲಿಸಿಕೊಂಡು ಬಂದ ಕಥೆ.

“ಕುದಿಸಿದ ನೆಲ್ಲನ್ನ ಮತ್ತ ಮತ್ತ ಕುದಿಸಿದ್ರ ಅಕ್ಕಿ ಆಗಂಗಿಲ್ಲ ಯವ್ವಾ, ಗಂಜಿ ಆಗತದ.”

ಒಮ್ಮೆ ಮೊಮ್ಮಗಳು ಒಂದು ಸಿನಿಮಾದ ಎರಡನೆಯ ಭಾಗ ಹಾಕಿದ್ದಳು. ದೊಡ್ಡವ್ವ ಸ್ಟೂಲು ಹಿಡಿದು ನಿಂತಿದ್ದಳು. ನಾಯಕ ಕುದುರೆಯ ಮೇಲೆ ಬಂದ.

“ಈತ ಮೊದಲನೇದರಾಗ ಸತ್ತಿದ್ನಲ್ಲ?”

“ಸತ್ತಿದ್ದಿಲ್ಲಂತ ಅಜ್ಜಿ. ಸತ್ತಂಗ ಮಾಡಿದ್ನಂತ.”

“ಹಂಗಾದ್ರ ನಾ ಅತ್ತಿದ್ದು?”

ಮೊಮ್ಮಗಳು ನಕ್ಕಳು. ದೊಡ್ಡವ್ವ ನಗಲಿಲ್ಲ. ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು.

ನನಗೂ ಆ ದಣಿವು ಗೊತ್ತಿದೆ. ಲ್ಯಾಬಿನಿಂದ ಬಂದು, ಏನು ನೋಡಲಿ ಎಂದು ಬೆರಳಾಡಿಸುತ್ತ ಕೂರುತ್ತೇನೆ. ಒಂದು ಆ್ಯಪಿನಲ್ಲಿ ಸರಣಿಯ ಮೊದಲ ಭಾಗ, ಎರಡನೆಯದು ಇನ್ನೊಂದರಲ್ಲಿ, ಮೂರನೆಯದಕ್ಕೆ ಮತ್ತೊಂದು ಬೇಕು. ಕಳೆದ ತಿಂಗಳು ಅರ್ಧ ನೋಡಿ ಬಿಟ್ಟದ್ದು ಈ ತಿಂಗಳು ಇರುವುದಿಲ್ಲ. ಒಂದು ದಿನ ಗಡಿಯಾರ ನೋಡಿದೆ. ಹುಡುಕುವುದರಲ್ಲೇ ಮೂವತ್ತೈದು ನಿಮಿಷ ಕಳೆದಿತ್ತು. ಏನನ್ನೂ ನೋಡದೆ ಉಂಡು ಮಲಗಿದೆ. ಇದನ್ನು ದೊಡ್ಡವ್ವನಿಗೆ ಹೇಳಿದಾಗ ಆಕೆ ಹೀಗೆಂದಳು: “ಆಗ ಊರಿಗೆಲ್ಲಾ ಒಂದ ಸಿನಿಮಾ ಇತ್ತು. ಬಾವಿಕಟ್ಟಿ ಮ್ಯಾಲ, ಗಿರಣ್ಯಾಗ, ಎಲ್ಲಾ ಕಡಿ ಅದರದ ಮಾತು. ಈಗ ಒಬ್ಬೊಬ್ಬರಿಗೆ ಒಂದೊಂದು ಟಾಕೀಸು ಅದ. ಕೂಡಿ ಮಾತಾಡಾಕ ಒಂದ ಕಥಿ ಇಲ್ಲ.”

ಅದಾದ ವಾರಕ್ಕೆ ಆಕೆ ಒಬ್ಬಳೇ ಮೆಟ್ಟಿಲಿಳಿದು ನನ್ನ ಮನೆಗೆ ಬಂದಳು.

“ಯವ್ವಾ, ನಿನ್ನ ಫೋನ್ಯಾಗ ಎಲ್ಲಾ ಸಿನಿಮಾ ಸಿಗ್ತಾವಂತಲ್ಲ?”

“ಎಲ್ಲಾ ಅಂದ್ರ ಎಲ್ಲಾ ಇಲ್ಲ ದೊಡ್ಡವ್ವ. ಯಾವುದು ಬೇಕು?”

“ಒಂದ ಬೇಕು. ಪೂರ್ತಿನೂ ಬ್ಯಾಡ. ಕೊನಿ ಅಷ್ಟ.”

ಸಿನಿಮಾದ ಹೆಸರು ಹೇಳಿದಳು. ಅದು ಇಲ್ಲಿ ಬೇಡ. ಯಾಕೆ ಎಂದು ಕೇಳಿದೆ. ಆಗ ಆಕೆ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಸುಮಾರು ನಲವತ್ತು ವರ್ಷದ ಹಿಂದೆ ಆ ಸಿನಿಮಾ ಮಾನ್ವಿಗೆ ಬಂದಿತ್ತು. ಆಗಲೇ ಹಳೆಯದು, ಮತ್ತೊಮ್ಮೆ ತಂದು ಹಾಕಿದ್ದರು. ಗಂಡ ಹೊರಗೆ ಹಾಕಿದ ಹೆಂಡತಿಯ ಕಥೆ. ಆಕೆ ತವರಿನಲ್ಲಿದ್ದು, ಹೊಲಿಗೆ ಹಾಕಿ, ಓದಿ, ದೂರದ ಊರಿನಲ್ಲಿ ಮಾಸ್ತರಿಕೆ ಹಿಡಿಯುತ್ತಾಳೆ. ಹೊರಡುವ ದಿನ ಸ್ಟೇಷನ್ನಿಗೆ ಗಂಡ ಬಂದು, ಮನೆಗೆ ಬಾ ಎನ್ನುತ್ತಾನೆ. ಈ ಕಡೆ ಒಂದು ರೈಲು, ಆ ಕಡೆ ಒಂದು ರೈಲು. ಒಂದು ಗಂಡನ ಊರಿಗೆ, ಒಂದು ನೌಕರಿಯ ಊರಿಗೆ.

“ಎರಡೂ ಗಾಡಿ ಸೀಟಿ ಹೊಡದ್ವು. ಆಕಿ ಕಾಲು ಎತ್ತಿದಳು. ಕರೆಂಟು ಹೋತು.”

ಒಂದು ತಾಸು ಕಾದರೂ ಕರೆಂಟು ಬರಲಿಲ್ಲ. ನಾಳೆ ಬರ್ರಿ ಎಂದು ಟಾಕೀಸಿನವರು ಚೀಟಿ ಕೊಟ್ಟರು. ನಾಳೆ ಶುಕ್ರವಾರ. ಆ ಸಿನಿಮಾ ಹೋಗಿ ಬೇರೆ ಸಿನಿಮಾ ಬರುವ ದಿನ.

ಮರುದಿನ ಕಣದಲ್ಲಿ ಕಥೆ ಸ್ಟೇಷನ್ನಿಗೆ ಬಂತು. ಹದಿಮೂರು ಜನರ ಕಾಲು ನಿಂತವು. ಎಲ್ಲರೂ ಕೇಳಿದ್ದು ಒಂದೇ ಮಾತು: “ಮುಂದ?”

“ಅವರು ನನ್ನ ಸಾಲು ಎಳದಿದ್ರು ಯವ್ವಾ. ಅವರ ಹಿಮ್ಮಡಿ ನೋಡಿಕೋತ ಹೆಂಗ ಹೇಳ್ಲಿ, ಕರೆಂಟು ಹೋತು ಅಂತ?”

ಆಕೆ ಕೊನೆಯನ್ನು ಕಟ್ಟಿದಳು. ಹೆಂಡತಿ ಗಂಡನ ರೈಲು ಹತ್ತಿದಳು. ಅವನು ಕಾಲು ಹಿಡಿದ. ಅತ್ತೆ ಹೊಸ್ತಿಲಲ್ಲಿ ನಿಂತು ಕೀಲಿಕೈ ಗೊಂಚಲು ಕೊಟ್ಟಳು. ಗೊಂಚಲಿನಲ್ಲಿ ಏಳು ಕೀಲಿ. ಕಥೆ ನಂಬುವಂತಿರಲಿ ಎಂದು ಏಳು ಎಂದಳಂತೆ.

ಹದಿಮೂರು ಜನರಲ್ಲಿ ಬಾಗಲವಾಡದಾಕೆ ಒಬ್ಬಳು. ದೇವದುರ್ಗಕ್ಕೆ ಕೊಟ್ಟ ಹೆಣ್ಣು, ಗಂಡ ಹೊಡೆಯುತ್ತಾನೆಂದು ಕೂಸು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಕೂಸನ್ನು ಗೋಣಿಚೀಲಗಳ ನೆರಳಿನಲ್ಲಿ ಸೀರೆಯ ಜೋಲಿಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದಳು. ಗಂಡ ಎರಡು ಸಲ ಕರೆಯಲು ಬಂದು ಹೋಗಿದ್ದ. ಸೋಮವಾರ ಮೂರನೆಯ ಸಲ ಬರುವವನಿದ್ದ. ಮಂಗಳವಾರ ಬಾಗಲವಾಡದಾಕೆ ಕಣಕ್ಕೆ ಬರಲಿಲ್ಲ. ಗಂಡನ ಜೊತೆ ಹೋದಳು ಎಂದರು. ಸಿನಿಮಾದಂಗ ಆತು ನೋಡ್ರಿ ಎಂದು ಹೆಂಗಸರೆಲ್ಲ ಖುಷಿಪಟ್ಟರು. ವರ್ಷದ ಮೇಲೆ ಯಾರೋ ಹೇಳಿದರು, ಆತ ಆಕೆಯ ಕೈ ಮುರಿದನಂತೆ ಎಂದು.

“ಆಮ್ಯಾಲ?” ಎಂದೆ.

“ಆಮ್ಯಾಲ ನಾ ಯಾರಿಗೂ ಕೇಳಲಿಲ್ಲ. ಕೇಳಿದ್ರ ಗೊತ್ತಾಗತದಲ್ಲ, ಅದಕ್ಕ.”

ಮತ್ತೆ ಹೇಳಿದಳು: “ಖರೇ ಕೊನಿನೂ ನಾ ಹೇಳಿದಂಗ ಇದ್ರ, ಆಕಿಗೆ ಹೋಗು ಅಂದಿದ್ದು ಸಿನಿಮಾ. ಬ್ಯಾರೆ ಇದ್ರ, ಅಂದಿದ್ದು ನಾನು. ಅಷ್ಟ ನೋಡಬೇಕು.”

ಹೀಗೆ ಹುಡುಕಾಟ ಶುರುವಾಯಿತು. ಆಕೆಯ ಹೆಸರಿನಲ್ಲಿ ಚೌಕ ಮಾಡಿದ್ದು ಆವತ್ತೇ. ಸುಮಾರು ನಾಲ್ಕು ತಿಂಗಳು ಹುಡುಕಿದೆವು. ನನ್ನ ಆ್ಯಪಿನಲ್ಲಿ ಸಿನಿಮಾದ ಹೆಸರು ಬರೆದರೆ ಅದೇ ಹೆಸರಿನ ಹೊಸ ಸಿನಿಮಾ ಬಂತು. ಮೂಲದ್ದು ಇರಲಿಲ್ಲ. ಮೊಮ್ಮಗಳ ಆ್ಯಪಿನಲ್ಲಿ ಹಳೆಯ ಪೋಸ್ಟರು ಕಂಡಿತು. ಕಪ್ಪುಬಿಳುಪಿನಲ್ಲಿ ನಾಯಕಿಯ ಮುಖ. ದೊಡ್ಡವ್ವ ಪರದೆಯನ್ನು ಬೆರಳಿನಿಂದ ಮುಟ್ಟಿ “ಈಕೀನ, ಈಕೀನ,” ಎಂದಳು. ಒತ್ತಿದರೆ ‘ಸದ್ಯ ಲಭ್ಯವಿಲ್ಲ’. ಹಿಂದಿನ ತಿಂಗಳವರೆಗೆ ಇತ್ತಂತೆ, ಈಗ ಬೇರೆ ಕಂಪನಿಗೆ ಹೋಗಿದೆಯಂತೆ. ಆ ಬೇರೆಯದನ್ನು ಹಾಕಿಸಿದೆ. ಅದರೊಳಗೆ ಹಳೆಯ ಸಿನಿಮಾಗಳಿಗೆ ಮತ್ತೊಂದು ಪ್ಯಾಕು. ಅದನ್ನೂ ಹಾಕಿಸಿದೆ. ಹೆಸರು ಸರಿಯಾಗಿತ್ತು, ಇಸವಿ ಸರಿಯಾಗಿತ್ತು, ಪೋಸ್ಟರೂ ಅದೇ. ಒತ್ತಿದರೆ ಶುರುವಾದದ್ದು ಬಣ್ಣದ್ದು, ಹೊಸದು. ದೂರು ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಉತ್ತರ ಬಂತು. ಯಾರೋ ಟಿವಿಯ ಎದುರು ಫೋನು ಹಿಡಿದು ತೆಗೆದ ಒಂದು ತುಣುಕು ಬೇರೆಡೆ ಸಿಕ್ಕಿತು. ಅದು ಮಧ್ಯದ ಒಂದು ಹಾಡು.

ಮೂಲ ಸಿಗಲಿಲ್ಲ. ಅದನ್ನು ಮತ್ತೆ ತೆಗೆದ ಮೂರು ಸಿನಿಮಾ ಸಿಕ್ಕವು. ದೊಡ್ಡವ್ವ ಮೂರನ್ನೂ ನಿಂತೇ ನೋಡಿದಳು. ಒಂದರಲ್ಲಿ ಹೆಂಡತಿ ಗಂಡನ ಜೊತೆ ಹೋದಳು, ಕೂಡಲೇ ಹಿಮದಲ್ಲಿ ಹಾಡು ಬಂತು. ಇನ್ನೊಂದರಲ್ಲಿ ಅವನನ್ನು ಹಳಿಯ ಮೇಲೆ ತಳ್ಳಿದಳು. ಮೂರನೆಯದರಲ್ಲಿ ಕಾಲು ಎತ್ತುವ ಹೊತ್ತಿಗೆ ಪರದೆ ಕಪ್ಪಾಗಿ ‘ಮುಂದಿನ ಭಾಗದಲ್ಲಿ’ ಎಂದು ಬಂತು. ಮುಂದಿನ ಭಾಗ ಬೇರೆ ಆ್ಯಪಿನಲ್ಲಿತ್ತು. ಅದರಲ್ಲಿ ಆಕೆ ಆಗಲೇ ಸತ್ತು, ಅದು ಮಗಳ ಕಥೆಯಾಗಿತ್ತು.

ದೊಡ್ಡವ್ವ ಸ್ಟೂಲಿನ ಮೇಲಿಂದ ಕೈ ತೆಗೆದಳು.

“ಮೂರು ಮಂದಿ ಮೂರು ಕೊನಿ ಹೇಳ್ಯಾರ. ನಾನೂ ಒಂದು ಹೇಳೀನಿ,” ಎಂದಳು. “ಇವರ ಸಿನಿಮಾ ನೋಡಿ ಯಾರ ಹೋದ್ರು, ಯಾರ ಉಳದ್ರು, ಇವರಿಗೆ ಗೊತ್ತಾಗತದೇನು? ಹದಿಮೂರು ಮಂದಿನ್ಯಾಗ ಒಬ್ಬಾಕಿ ಬರಲಿಲ್ಲ ಅಂತ ನನಗ ಗೊತ್ತಾತು.”

ಮಗಳು ಹೊಲಿಗೆಯಿಂದ ತಲೆಯೆತ್ತಿ, “ಸಾಕು ಬಿಡಬೇ. ಸತ್ತ ಸಿನಿಮಾದ ಬೆನ್ನ ಹತ್ತಿ ಕುಂತೀಯಲ್ಲ,” ಎಂದಳು.

“ಸಿನಿಮಾ ಸತ್ತದ. ಆಕಿ ಸತ್ತಾಳೇನು?”

ಆಗ ನನಗೆ ಹೊಳೆಯಿತು. ನಾವು ನಾಲ್ಕು ತಿಂಗಳು ಹುಡುಕಿದ್ದು ಸಿನಿಮಾವನ್ನು. ಬಾಗಲವಾಡದಾಕೆಯನ್ನು ಒಂದು ದಿನವೂ ಹುಡುಕಿರಲಿಲ್ಲ.

ನಮ್ಮ ಲ್ಯಾಬಿಗೆ ಸುತ್ತಿನ ಎಲ್ಲ ಊರವರೂ ಬರುತ್ತಾರೆ. ರಿಪೋರ್ಟು ಒಯ್ಯಲು ಬಂದ ಒಬ್ಬಾಕೆ ತನ್ನೂರು ಬಾಗಲವಾಡ ಎಂದಳು. ಕೆಲಸದ ಜಾಗದಲ್ಲಿ ಬೇರೆ ಮಾತು ಕೇಳುವುದು ನನ್ನ ರೂಢಿಯಲ್ಲ. ಅವತ್ತು ಕೇಳಿದೆ. ಮಾನ್ವಿ ಗಿರಣಿಯಲ್ಲಿದ್ದವರು, ದೇವದುರ್ಗಕ್ಕೆ ಲಗ್ನವಾಗಿ ಹೋದವರು, ಆಮೇಲೆ ಕೈ ಮುರಿದಿತ್ತಂತೆ, ಗೊತ್ತೇ ಎಂದು.

“ನಮ್ಮ ಅತ್ತಿ ಕೇಳ್ತೀರೇನ್ರೀ? ಅದಾರಲ್ಲ. ದೇವದುರ್ಗದಾಗ ಮಗಳ ಮನ್ಯಾಗ ಇರ್ತಾರ.”

ಸಂಜೆ ದೊಡ್ಡವ್ವನಿಗೆ ಹೇಳಿದೆ. “ಅದಾಳಾ?” ಎಂದಳು. ಮತ್ತೆ “ಅದಾಳಾ?” ಎಂದಳು. ಎಂಟು ದಿನ ಆ ಸುದ್ದಿ ಎತ್ತಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಾಳೆಹಣ್ಣಿನ ಚೀಲ ಹಿಡಿದು ಬಂದು ನನ್ನ ಬಾಗಿಲಲ್ಲಿ ನಿಂತಳು. ಆಕೆ ಸಾಯುವುದಕ್ಕೆ ಎರಡು ತಿಂಗಳ ಮೊದಲಿನ ಮಾತು ಇದು.

ರಾಯಚೂರಿನಿಂದ ದೇವದುರ್ಗದವರೆಗೆ ಬಸ್ಸಿನಲ್ಲಿ ಆಕೆ ಒಂದೇ ಸಲ ಬಾಯಿ ಬಿಟ್ಟಳು. “ಆಕಿ ಬಾಗಲಾ ಹಾಕಿದ್ರ ಹಂಗ ತಿರುಗಿ ಬರೋಣು. ನೀ ಏನೂ ಅನ್ನಬ್ಯಾಡ.”

ಬಾಗಿಲು ತೆರೆದಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಒಬ್ಬ ಮುದುಕಿ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಪಕ್ಕದಲ್ಲಿ ನೀರಿನ ತಂಬಿಗೆಗೆ ಆನಿಸಿಟ್ಟ ಫೋನಿನಲ್ಲಿ ಏನೋ ಓಡುತ್ತಿತ್ತು. ಆಕೆಯ ಎಡಗೈ ಮಣಿಕಟ್ಟಿನ ಬಳಿ ಹೊರಗೆ ಬಾಗಿತ್ತು. ನಾನು ನೋಡಿದೆ. ದೊಡ್ಡವ್ವನೂ ನೋಡಿದಳು.

“ಯಾರು?”

“ನಾನು ಬೇ. ಮಾನ್ವಿ ಗಿರಣಿ.”

ಮುದುಕಿ ಕಣ್ಣು ಕಿರಿದು ಮಾಡಿದಳು. “ಕಥಿಯಾಕಿ?”

“ಹೂಂ.”

“ಇನ್ನಾ ಸತ್ತಿಲ್ಲೇನ ನೀನು?”

“ನೀ ಸತ್ತೀಯೇನಂತ ನೋಡಾಕ ಬಂದೀನಿ.”

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಒಳಗಿನಿಂದ ಮಗಳು ಬಂದು ಚಾಪೆ ಹಾಸಿ, ಚಹಾಕ್ಕಿಡಲು ಹೋದಳು. ಗೋಣಿಚೀಲದ ನೆರಳಿನಲ್ಲಿ ಮಲಗುತ್ತಿದ್ದ ಕೂಸು ಈಕೆಯೇ. ತಲೆಯಲ್ಲಿ ನರೆ ಕಾಣುತ್ತಿತ್ತು.

ದೊಡ್ಡವ್ವ ಚಾಪೆಯ ಅಂಚಿನಲ್ಲಿ ನಿಂತೇ ಇದ್ದಳು. “ಬಾಳ್ವೆ ಹೆಂಗಾತು?” ಎಂದು ಕೇಳಿದಳು.

“ಬಾಳ್ವೆ ಬಾಳ್ವೆಯಂಗ ಆತು. ಹೊಡದ, ದುಡದ, ಕುಡದ, ಸತ್ತ. ಈಕಿ ಒಬ್ಬಾಕಿ ಉಳದಾಳ. ಚಲೋ ನೋಡಿಕೋತಾಳ.”

“ಆ ಕೈ?”

“ಮೊದಲನೇ ವರ್ಷದ್ದು.”

ದೊಡ್ಡವ್ವ ಆ ಕೈಯಿಂದ ಕಣ್ಣು ತೆಗೆಯದೆ ಹೇಳಿದಳು: “ಆವತ್ತು ನಾ ಹೇಳಿದ ಕೊನಿ ಸಿನಿಮಾದ್ದಲ್ಲ. ಕೊನಿ ನಾ ನೋಡಿದ್ದಿಲ್ಲ. ಕಟ್ಟಿ ಹೇಳಿದೆ.”

ಮುದುಕಿಯ ಬೆರಳು ನಿಲ್ಲಲಿಲ್ಲ. ಒಂದು ಕಾಯಿ ಒಡೆದಳು, ಎರಡು ಕಾಳು ಮೊರಕ್ಕೆ ಹಾಕಿದಳು.

“ಗೊತ್ತಿತ್ತು.”

“ಏನ್ ಗೊತ್ತಿತ್ತು?”

“ಆ ಸಿನಿಮಾ ನಾ ನೋಡಿದ್ದೆ. ಲಗ್ನ ಆದ ಹೊಸದಾಗ, ರಾಯಚೂರಾಗ. ಗಂಡನೇ ನನ್ನ ಕರಕೊಂಡು ಹೋಗಿ ತೋರಿಸಿದ್ದ.”

ಫೋನಿನಲ್ಲಿ ಯಾರೋ ಜೋರಾಗಿ ಅಳುತ್ತಿದ್ದರು. ಮುದುಕಿ ಅದನ್ನು ಬೋರಲು ಹಾಕಿದಳು.

“ಮತ್ತ ಯಾಕ ಹೋದಿ?” ಎಂದಳು ದೊಡ್ಡವ್ವ. ಆಕೆಯ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ನೀ ಸುಳ್ಳು ಹೇಳಾಕಿ ಅಲ್ಲ. ಆವತ್ತು ಅಷ್ಟೂ ಮಂದೀನ ಬಿಟ್ಟು ನನ್ನ ಮಾರಿ ನೋಡಿಕೋತ ಹೇಳಿದಿ. ಕಥಿಯಾಕಿನ ಸುಳ್ಳು ಹೇಳಾಕತ್ತಾಳಂದ್ರ, ನಾ ಹೋಗ್ಲಿ ಅಂತ ಆಕಿ ಮನಸಿನಾಗ ಅದ ಅಂದಕೊಂಡೆ.”

ದೊಡ್ಡವ್ವನ ಮುಖವನ್ನು ನಾನು ನೋಡಿದೆ. ಅಲ್ಲಿ ಕಂಡದ್ದನ್ನು ಬರೆಯಲು ನನಗೆ ಬರುವುದಿಲ್ಲ.

“ನಾ ನಿನಗ ಹೋಗು ಅನ್ನಲಿಲ್ಲ ಬೇ. ಕರೆಂಟು ಹೋಗಿತ್ತು. ನೀವು ನನ್ನ ಸಾಲು ಎಳದಿದ್ರಿ, ಅದಕ್ಕ ಏನರೆ ಹೇಳಬೇಕಾತು. ನಿನ್ನ ಮಾರಿ ಎದುರಿಗಿತ್ತು, ಅಷ್ಟ.”

“ಅದೂ ಆಮ್ಯಾಲ ತಿಳೀತು.”

“ಯಾವಾಗ?”

“ಕೈ ಕಟ್ಟಿಸಿಕೊಂಡು ಕುಂತಾಗ. ಟೈಮ್ ಭಾಳ ಇತ್ತು.”

ಮಗಳು ಚಹಾ ತಂದಿಟ್ಟಳು. ಯಾರೂ ಲೋಟ ಎತ್ತಲಿಲ್ಲ.

“ಸಿಟ್ಟು ಇಲ್ಲೇನು?” ಎಂದಳು ದೊಡ್ಡವ್ವ.

“ಇತ್ತು. ಹತ್ತು ವರ್ಷ ಇತ್ತು. ನೀ ಹೇಳಲಿಲ್ಲಂದ್ರೂ ಹೋಗತಿದ್ದೆನೋ ಏನೋ. ತವರಾಗ ನಮ್ಮ ಅತ್ತಿಗಿ ರೊಟ್ಟಿ ಎಣಿಸಿ ಹಾಕತಿದ್ದಳು.” ಇನ್ನೊಂದು ಕಾಯಿ ಒಡೆದಳು. “ಯಾವುದಕ್ಕ ಹೋದೆ ಅಂತ ಈಗ ನನಗೂ ಬರೋಬ್ಬರಿ ಹೇಳಾಕ ಬರಂಗಿಲ್ಲ.”

ದೊಡ್ಡವ್ವ ಸ್ವಲ್ಪ ಬಾಗಿದಳು. ನಾನೂ ಮುಂದೆ ಬಾಗಿದ್ದೆ ಎಂದು ಆಮೇಲೆ ಗೊತ್ತಾಯಿತು.

“ನೀ ನೋಡೀಯಲ್ಲ. ಖರೇ ಕೊನಿ ಏನಿತ್ತು?”

ಮುದುಕಿ ಮೊದಲ ಬಾರಿಗೆ ಕೈ ನಿಲ್ಲಿಸಿದಳು. ಬಾಗಿಲಾಚೆ ನೋಡಿದಳು.

“ನೆಪ್ಪಿಲ್ಲ,” ಎಂದಳು. “ಬ್ಯಾರೆ ಇತ್ತು ಅಂತಷ್ಟ ನೆಪ್ಪದ. ನೀ ಹೇಳಿದ್ದು ಮಾತ್ರ ಎಲ್ಲಾ ನೆಪ್ಪದ. ಗೊಂಚಲದಾಗ ಏಳು ಕೀಲಿ ಇದ್ವು ಅಂದಿದ್ದಿ.”

ಆ್ಯಪುಗಳಲ್ಲಿ ಹುಡುಕಿದ್ದೆಲ್ಲ ನನಗೆ ನೆನಪಾಯಿತು. ಆ ಕೊನೆಯನ್ನು ಕಣ್ಣಾರೆ ಕಂಡವಳು ನಮಗೆ ಸಿಕ್ಕಿದ್ದಳು. ದೊಡ್ಡವ್ವ ಕಟ್ಟಿದ ಕೊನೆ ಆಕೆಯೊಳಗೂ ಮೂಲವನ್ನು ಉಳಿಸಿರಲಿಲ್ಲ.

ಆಮೇಲೆ ಬಾಗಲವಾಡದಾಕೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಇನ್ನೊಮ್ಮೆ ಹೇಳು.”

“ಏನು?”

“ಅದ ಸಿನಿಮಾ. ಈ ಫೋನ್ಯಾಗ ನೋಡಾಕ ಹೋದ್ರ ಅರ್ಧಕ್ಕ ತಂದು ಬಿಟ್ಟು ಮುಂದಿನ ಭಾಗ ಅಂತಾರ. ಒಂದು ಕಥಿ ಪೂರಾ ಕೇಳಿ ಎಷ್ಟು ವರ್ಷಾತೋ.”

ದೊಡ್ಡವ್ವ ಕಂಬ ಹಿಡಿದಳು. ಮೊದಲ ದೃಶ್ಯದಿಂದ ಶುರುಮಾಡಿದಳು. ಮದುವೆ, ಹಾಡು, ಅತ್ತೆ, ಹೊರಗೆ ಹಾಕಿದ ದಿನ, ಹೊಲಿಗೆಯ ಮಿಷನ್ನು. ಸ್ವಲ್ಪ ಹೊತ್ತಿಗೆ ಆಕೆಯ ಕಾಲು ಬರಿಯ ನೆಲದ ಮೇಲೆ ಎಳೆಯತೊಡಗಿತು, ಅಲ್ಲಿಲ್ಲದ ನೆಲ್ಲನ್ನು ಸಾಲು ಮಾಡುತ್ತ. ಕೆಳಗೆ ಕೂತವಳ ಪಾದಗಳೂ ಚಾಚಿದಲ್ಲೇ ಅತ್ತಿತ್ತ ಆಡುತ್ತಿದ್ದುದನ್ನು ನಾನು ನೋಡಿದೆ. ಮಗಳು ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತಾಸಿನ ಮೇಲಾಯಿತು. ಕಥೆ ಸ್ಟೇಷನ್ನಿಗೆ ಬಂತು.

“ಈ ಕಡಿ ಒಂದು ಗಾಡಿ, ಆ ಕಡಿ ಒಂದು ಗಾಡಿ. ಗಂಡ ಬಾ ಅಂದ. ಎರಡೂ ಗಾಡಿ ಸೀಟಿ ಹೊಡದ್ವು. ಆಕಿ ಕಾಲು ಎತ್ತಿದಳು.”

ನೆಲದ ಮೇಲೆ ಎಳೆಯುತ್ತಿದ್ದ ಪಾದ ನಿಂತಿತು. ಏಳು ಕೀಲಿಯ ಗೊಂಚಲಿಗಾಗಿ ನಾನು ಕಾಯುತ್ತಿದ್ದೆ.

“ಇಲ್ಲಿಗೆ ಕರೆಂಟು ಹೋತು,” ಎಂದಳು ದೊಡ್ಡವ್ವ. “ಮುಂದಿಂದು ನಾ ನೋಡಿಲ್ಲ.”

ಬಾಗಲವಾಡದಾಕೆ ಆಕೆಯನ್ನೇ ನೋಡಿದಳು. ಆಮೇಲೆ ಬಾಗಿದ ಕೈಯಿಂದ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು.

“ಹೋಗ್ಲಿ ಬಿಡು. ಕರೆಂಟು ಬಂದ ಮ್ಯಾಲ ಹೇಳ್ವಂತಿ.”

ದೊಡ್ಡವ್ವ ಕಂಬ ಬಿಟ್ಟು, ಮಂಡಿ ಹಿಡಿದುಕೊಂಡು ಮೆಲ್ಲಗೆ ಆಕೆಯ ಪಕ್ಕದಲ್ಲಿ ಕೂತಳು. ಮೊರದಲ್ಲಿ ಇನ್ನೂ ಸುಲಿಯದೆ ಉಳಿದ ಕಾಯಿಗಳಲ್ಲಿ ಅರ್ಧವನ್ನು ತನ್ನ ಉಡಿಗೆ ಹಾಕಿಕೊಂಡು ಸುಲಿಯತೊಡಗಿದಳು.